ಗಡಿಯಾಚೆಯ ಪಾಠಶಾಲೆ: ಅಂದು ಬೆಳಗಾವಿಗೆ ಬಂದವರು, ಇಂದು ಬೆಳಗಾವಿಯಿಂದ ಹೊರಡುವವರು

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಬೆಳಗಾವಿ, ಖಾನಾಪುರದ ವ್ಯಾಪಾರಸ್ಥ ಕುಟುಂಬಗಳಲ್ಲಿ ಮಕ್ಕಳ ಮುಂದಿನ ಓದಿನ ಚರ್ಚೆ ನಡೆಯುವುದು ಸಹಜ. ಪದವಿಯ ನಂತರ ವಿದೇಶಕ್ಕೆ ಹೋಗುವುದು ಈಗ ಹೊಸ ಸಂಗತಿಯಲ್ಲ. ಆದರೆ ಹದಿನೈದು, ಹದಿನಾರರ ವಯಸ್ಸಿನಲ್ಲಿಯೇ, ಅಮೆರಿಕ, ಕೆನಡಾ ಅಥವಾ ನ್ಯೂಜಿಲೆಂಡಿನ ಯಾವುದೋ ಸಣ್ಣ ಊರಿನ ಪ್ರೌಢಶಾಲೆಗೆ ಮಗುವನ್ನು ಕಳುಹಿಸಬಹುದೇ ಎಂಬ ಪ್ರಶ್ನೆ ಪಾಲಕರನ್ನು ಕಂಗೆಡಿಸುತ್ತದೆ. ಇಷ್ಟು ಚಿಕ್ಕ ವಯಸ್ಸಿನ ಮಗು ಪರದೇಶದಲ್ಲಿ, ಪರಭಾಷೆಯಲ್ಲಿ, ಪರರ ಮನೆಯಲ್ಲಿದ್ದು ಕಲಿಯುವುದು ಹೇಗೆ ಎಂಬ ಅಳುಕು ಅಸಹಜವೇನಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವವರು ಮೊದಲು ತಮ್ಮ ಊರಿನ ಇತಿಹಾಸವನ್ನೇ ನೋಡಬೇಕು. ಏಕೆಂದರೆ ಒಂದು ಕಾಲದಲ್ಲಿ ಬೆಳಗಾವಿಯೇ ಪರದೇಶದ ಮಕ್ಕಳು ಬಂದು ಕಲಿಯುತ್ತಿದ್ದ ಸಣ್ಣ ಊರಾಗಿತ್ತು.

ಕ್ಯಾಸಲ್‌ರಾಕ್‌ನ ಸುಂಕದ ಕಟ್ಟೆ

1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಬೆಳಗಾವಿಯು ಮೊದಲು ಬ್ರಿಟಿಷ್ ಭಾರತದ ಮುಂಬಯಿ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಮಡಗಾಂವಿನ ಬಾಲಕನೊಬ್ಬ ಬೆಳಗಾವಿಯ ಪ್ರೌಢಶಾಲೆಗೆ ಬರಬೇಕಾದರೆ ಅಂತರರಾಷ್ಟ್ರೀಯ ಗಡಿಯನ್ನು ದಾಟಲೇಬೇಕಾಗಿತ್ತು. ಮುರ್ಮಗೋವಾದಿಂದ ಹೊರಟ ಮೀಟರ್‌ಗೇಜ್ ರೈಲು ಮಡಗಾಂವಿನ ಮೂಲಕ ಕುಳೆಂ ತಲುಪಿ, ದೂಧಸಾಗರದ ಎದುರು ಹಾದು, ಘಟ್ಟವೇರಿ ಕ್ಯಾಸಲ್‌ರಾಕ್‌ನಲ್ಲಿ ನಿಲ್ಲುತ್ತಿತ್ತು. ಕೆಳಗೆ ಕುಳೆಂದಲ್ಲಿ ಪೋರ್ಚುಗೀಸರ ತಪಾಸಣೆ, ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಭಾರತದ ಕಡೆಯ ಜಕಾತಿ. ಟ್ರಂಕು ಬಿಚ್ಚಿ ತೋರಿಸಿ, ಮತ್ತೆ ಕಟ್ಟಿ, ತಿನೈಘಾಟ ದಾಟಿ ಖಾನಾಪುರ ತಾಲೂಕಿನ ಲೋಂಡಾ ಜಂಕ್ಷನ್ನಿಗೆ ಬಂದ ಮೇಲೆ ಬೆಳಗಾವಿಯ ದಾರಿ.

ಈ ರೈಲುಮಾರ್ಗವೇ ವಾಣಿಜ್ಯದ ಫಲ. 1878ರ ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಸಹಿಯಾದ ಆಂಗ್ಲೋ-ಪೋರ್ಚುಗೀಸ್ ಒಪ್ಪಂದವು ಎರಡೂ ಪ್ರದೇಶಗಳ ನಡುವಿನ ಸುಂಕವನ್ನು ಒಂದುಗೂಡಿಸಿ, ಮುರ್ಮಗೋವಾ ಬಂದರನ್ನು ಒಳನಾಡಿಗೆ ಜೋಡಿಸುವ ರೈಲಿಗೆ ಅವಕಾಶ ಮಾಡಿತು. ಗೋವಾದ ಉಪ್ಪಿನ ಉತ್ಪಾದನೆ ಬ್ರಿಟಿಷರ ನಿಯಂತ್ರಣಕ್ಕೆ ಹೋಯಿತು. 1880ರ ದಶಕದ ಕೊನೆಯ ಹೊತ್ತಿಗೆ ರೈಲು ಘಟ್ಟವೇರಿತು. 1892ರಲ್ಲಿ ಒಪ್ಪಂದ ಮುಗಿದರೂ ಹಳಿ ಉಳಿಯಿತು. ಹತ್ತಿ, ಅಕ್ಕಿ, ಮರಗಳಿಗಾಗಿ ಹಾಕಿದ ಹಳಿಯ ಮೇಲೆ ಉದ್ಯೋಗ ಹುಡುಕುವವರೂ, ಅವರ ಹಿಂದೆ ಶಾಲಾ ಮಕ್ಕಳೂ ಪ್ರಯಾಣಿಸಿದರು.

ಬೆಳಗಾವಿಗೇ ಏಕೆ ಬಂದರು?

ಗೋವಾದಲ್ಲಿ ಶಾಲೆಗಳಿರಲಿಲ್ಲವೆಂದು ಭಾವಿಸುವುದು ತಪ್ಪು. ಪಣಜಿಯಲ್ಲಿ 1842ರಲ್ಲಿಯೇ ವೈದ್ಯಕೀಯ ಶಾಲೆ ಆರಂಭವಾಗಿತ್ತು. 1854ರಲ್ಲಿ ಲೈಸಿಯಂ ಸ್ಥಾಪನೆಯಾಗಿತ್ತು. ಆದರೆ ಅಲ್ಲಿಯ ಸರಕಾರಿ ಶಿಕ್ಷಣದ ಭಾಷೆ ಪೋರ್ಚುಗೀಸ್. ಆ ಓದು ಲಿಸ್ಬನ್ನಿಗೂ ಪಣಜಿಯ ಸರಕಾರಿ ಕಚೇರಿಗಳಿಗೂ ದಾರಿ ತೋರಿಸುತ್ತಿತ್ತು. ಸಂಬಳದ ಕೆಲಸವಾದರೋ ಮುಂಬಯಿಯಲ್ಲಿ, ಹಡಗು ಕಂಪನಿಗಳಲ್ಲಿ, ಬ್ರಿಟಿಷ್ ಪೂರ್ವ ಆಫ್ರಿಕಾದ ಕಚೇರಿಗಳಲ್ಲಿ ಇತ್ತು. ಅಲ್ಲಿ ಬೇಕಾಗಿದ್ದುದು ಇಂಗ್ಲಿಷ್ ಮತ್ತು ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್. ಗೋವಾದೊಳಗೂ ಖಾಸಗಿ ಇಂಗ್ಲಿಷ್ ಶಾಲೆಗಳು ಹುಟ್ಟಿದವು. 1887ರಲ್ಲಿ ಆರಪೊರಾದಲ್ಲಿ ಆರಂಭವಾದ ಸೇಂಟ್ ಜೋಸೆಫ್ ಶಾಲೆ ಅವುಗಳಲ್ಲಿ ಪ್ರಸಿದ್ಧ. ಆದರೂ ಅನುಕೂಲವಿದ್ದ ಕುಟುಂಬಗಳು ಮಕ್ಕಳನ್ನು ಘಟ್ಟದ ಮೇಲೆ ಕಳುಹಿಸಿದವು.

ಮುಂಬಯಿ, ಪುಣೆಗಳಿಗೆ ಹೋಲಿಸಿದರೆ ಬೆಳಗಾವಿ ಹತ್ತಿರದ ಊರು, ತಂಪು ಹವೆಯ ಊರು, ಖರ್ಚು ಕಡಿಮೆಯ ಊರು. ದಂಡು ಪ್ರದೇಶವಾದ್ದರಿಂದ ಇಂಗ್ಲಿಷಿನ ಬಳಕೆ ಇತ್ತು. ಕ್ಯಾಂಪಿನ ಸೇಂಟ್ ಪಾಲ್ಸ್ ಹೈಸ್ಕೂಲು 1856ರಲ್ಲಿ ಸ್ಥಾಪನೆಯಾಗಿ ಜೆಸುಯಿಟ್ ಪಾದ್ರಿಗಳ ಶಿಸ್ತಿಗೆ ಹೆಸರಾಯಿತು. ಪೋರ್ಚುಗಲ್ 1834ರಲ್ಲಿ ಧಾರ್ಮಿಕ ಸಂಘಗಳನ್ನು ರದ್ದುಪಡಿಸಿತ್ತು. 1910ರಲ್ಲಿ ಅಲ್ಲಿ ಗಣರಾಜ್ಯ ಬಂದಾಗ ಜೆಸುಯಿಟರನ್ನು ಮತ್ತೆ ಹೊರಹಾಕಿತು. ಹೀಗಾಗಿ ಗೋವಾದ ಕ್ಯಾಥೊಲಿಕ್ ಕುಟುಂಬಗಳಿಗೆ ತಮ್ಮ ನೆಲದಲ್ಲಿ ದೊರೆಯದ ಜೆಸುಯಿಟ್ ಶಿಕ್ಷಣ ಗಡಿಯಾಚೆ ದೊರೆಯಿತು. ಹಿಂದೂ ಕುಟುಂಬಗಳಿಗೆ ಬೆಳಗಾವಿಯಲ್ಲಿ ನೆಂಟರಿದ್ದರು, ಕೊಂಕಣಿ ಆಡುವ ಮನೆಗಳಿದ್ದವು, ಮರಾಠಿ ಪಾಠದ ಅನುಕೂಲವಿತ್ತು. ಪ್ರೌಢಶಾಲೆ ಮುಗಿಸಿದವರಿಗೆ ಮುಂದೆ ಕಾಲೇಜುಗಳೂ ಬಂದವು: 1933ರಲ್ಲಿ ಕೆ.ಎಲ್.ಇ. ಸಂಸ್ಥೆಯ ಲಿಂಗರಾಜ ಕಾಲೇಜು, 1939ರಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು, 1945ರಲ್ಲಿ ರಾಣಿ ಪಾರ್ವತಿದೇವಿ ಕಾಲೇಜು. ರಾಣಿ ಪಾರ್ವತಿದೇವಿ ಕಾಲೇಜನ್ನು ನಡೆಸುವ ಸಂಸ್ಥೆಯ ಹೆಸರೇ ದಕ್ಷಿಣ ಕೊಂಕಣ ಶಿಕ್ಷಣ ಸಂಸ್ಥೆ ಎಂಬುದು ಗಮನಾರ್ಹ. ಘಟ್ಟದ ಕೆಳಗಿನ ಸೀಮೆಯೂ ಬೆಳಗಾವಿಯ ಶೈಕ್ಷಣಿಕ ಮಾರುಕಟ್ಟೆಯ ಭಾಗವೆಂದು ಸ್ಥಾಪಕರು ಅಂದೇ ಅರಿತಿದ್ದರು.

ಊರಿಗೆ ದಕ್ಕಿದ ಲಾಭ

ವಿಶ್ವ ವ್ಯಾಪಾರ ಸಂಘಟನೆಯ ಜೊತೆಗೆ 1995ರಲ್ಲಿ ಜಾರಿಗೆ ಬಂದ ಸೇವಾ ವಾಣಿಜ್ಯ ಒಪ್ಪಂದವು ಶಿಕ್ಷಣವನ್ನೂ ಸೇವೆಗಳ ಪಟ್ಟಿಯಲ್ಲಿ ಸೇರಿಸಿದೆ. ಗ್ರಾಹಕನೇ ಗಡಿ ದಾಟಿ ಬಂದು ಸೇವೆ ಪಡೆಯುವುದನ್ನು ಆ ಒಪ್ಪಂದವು ಸೇವಾ ವ್ಯಾಪಾರದ ಎರಡನೆಯ ಬಗೆಯೆಂದು ಗುರುತಿಸುತ್ತದೆ. ಹೊರದೇಶದ ವಿದ್ಯಾರ್ಥಿ ಊರಿಗೆ ಬಂದು ಶುಲ್ಕ ಕಟ್ಟಿ, ಉಂಡು, ಉಟ್ಟು ಕಲಿತರೆ ಅದು ರಫ್ತಿಗೆ ಸಮಾನ. ಈ ಅರ್ಥದಲ್ಲಿ, ಹಾಗೆಂದು ಹೆಸರಿಡದೆಯೇ, ಬೆಳಗಾವಿ ಹಲವು ದಶಕ ಶಿಕ್ಷಣವನ್ನು ರಫ್ತು ಮಾಡಿತು.

ಬೋರ್ಡಿಂಗಿನಲ್ಲಿರುವ ಮಗುವಿನ ಹಿಂದೆ ಊರಿನ ಎಷ್ಟೊಂದು ಕಸುಬುಗಳು ಬದುಕುತ್ತವೆ ಎಂಬುದನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಸಮವಸ್ತ್ರ ಹೊಲಿಯುವ ದರ್ಜಿ, ಪುಸ್ತಕದಂಗಡಿ, ಖಾನಾವಳಿ, ಹಾಲಿನವನು, ಟಾಂಗಾದವನು ಎಲ್ಲರಿಗೂ ಅದರಲ್ಲಿ ಪಾಲಿದೆ. ಹಣದ ಕಾಗದ ಬೇರೆಯಾಗಿದ್ದರೂ ಲೆಕ್ಕ ಕಷ್ಟವಾಗಿರಲಿಲ್ಲ. ಗೋವಾದ ರುಪಿಯಾ ಬಹುಕಾಲ ಭಾರತದ ರೂಪಾಯಿಗೆ ಸಮನಾಗಿಯೇ ನಡೆದು, 1950ರ ದಶಕದ ಕೊನೆಯಲ್ಲಿ ಎಸ್ಕುಡೊಗೆ ಎಡೆ ಕೊಟ್ಟಿತು. ಅದಕ್ಕಿಂತ ದೊಡ್ಡ ಲಾಭ ಪರಿಚಯದ್ದು. ಒಂದೇ ಬೆಂಚಿನ ಮೇಲೆ ಕುಳಿತವರು ಮುಂದೆ ಒಬ್ಬರಿಗೊಬ್ಬರು ಗಿರಾಕಿಯೂ ದಲಾಲಿಯೂ ಆಗುವುದುಂಟು. ಇಂದಿಗೂ ಬೆಳಗಾವಿಯ ತರಕಾರಿ, ಹಾಲು ಗೋವಾದ ಪೇಟೆಗೆ ಇಳಿಯುವುದನ್ನು ನೋಡಿದರೆ, ಎರಡೂ ಸೀಮೆಗಳ ನಂಟು ಸರಕಿನದಷ್ಟೇ ಆಗಿರಲಿಲ್ಲ ಎಂಬುದು ಅರಿವಾಗುತ್ತದೆ.

ಗಡಿ ಮುಚ್ಚಿದ ವರ್ಷಗಳು

ಪರದೇಶದ ಶಿಕ್ಷಣದಲ್ಲಿ ಅಡಗಿರುವ ಅಪಾಯವನ್ನೂ ಇದೇ ಇತಿಹಾಸ ತೋರಿಸುತ್ತದೆ. ಭಾರತ ಸ್ವತಂತ್ರವಾದ ಮೇಲೆ ಗೋವಾದ ಪ್ರಶ್ನೆ ಬಿಗಡಾಯಿಸಿತು. 1954ರಿಂದ ಪ್ರಯಾಣಕ್ಕೆ ಪರವಾನಗಿಯ ನಿರ್ಬಂಧಗಳು ಬಂದವು. 1955ರ ಆಗಸ್ಟ್ 15ರ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಬಳಿಕ ಭಾರತ ಸರಕಾರ ಆರ್ಥಿಕ ದಿಗ್ಬಂಧನವನ್ನು ಬಿಗಿಗೊಳಿಸಿತು. ಘಟ್ಟದ ರೈಲು ಸಂಚಾರ ನಿಂತಿತು. ರಜೆಗೆ ಊರಿಗೆ ಹೋಗಿಬರುವ ಸರಳ ಸಂಗತಿಯೂ ಅರ್ಜಿ, ಕಾಯುವಿಕೆಗಳ ವಿಷಯವಾಯಿತು. ಘಟ್ಟದ ಕೆಳಗೆ ತಂದೆತಾಯಿ, ಮೇಲೆ ಮಕ್ಕಳು. ನಡುವೆ ಎರಡು ಸರಕಾರಗಳ ಹಟ. ಮಕ್ಕಳು ಮಾಡಿದ ತಪ್ಪೇನೂ ಇರಲಿಲ್ಲ. ಆದರೆ ಗಡಿಯ ನಿಯಮ ವಯಸ್ಸನ್ನು ನೋಡುವುದಿಲ್ಲ.

1961ರ ಡಿಸೆಂಬರಿನಲ್ಲಿ ದಕ್ಷಿಣ ಕಮಾಂಡಿನ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧರಿಯವರ ಮುಂಚೂಣಿ ಕಚೇರಿ ಬೆಳಗಾವಿಯಲ್ಲಿಯೇ ನೆಲೆಯೂರಿತ್ತು. ಡಿಸೆಂಬರ್ 17ರಂದು ಆರಂಭವಾದ ಕಾರ್ಯಾಚರಣೆ 19ರಂದು ಮುಗಿಯಿತು. 1962ರ ಪೌರತ್ವ ಆದೇಶದ ಮೂಲಕ ಗೋವನ್ನರು ಭಾರತದ ನಾಗರಿಕರಾದರು. ಬೆಳಗಾವಿಯ ವಿದೇಶಿ ವಿದ್ಯಾರ್ಥಿ ಸ್ವದೇಶಿಯಾದ. ಆದರೆ ಅದೇ ಹೊತ್ತಿಗೆ ಆತ ಬೆಳಗಾವಿಗೆ ಬರಲೇಬೇಕಾದ ಕಾರಣವೂ ಕಡಿಮೆಯಾಗತೊಡಗಿತು. 1962ರಲ್ಲಿಯೇ ಪಣಜಿಯಲ್ಲಿ ಧೆಂಪೆ ಕಾಲೇಜು, ಮಡಗಾಂವಿನಲ್ಲಿ ಚೌಗುಲೆ ಕಾಲೇಜು ತೆರೆದವು. ಎರಡರ ಹಿಂದೆಯೂ ಇದ್ದವರು ಉದ್ಯಮಿ ಮನೆತನಗಳು. 1985ರಲ್ಲಿ ಗೋವಾ ವಿಶ್ವವಿದ್ಯಾಲಯ ಬಂತು. ಗಿರಾಕಿ ತನ್ನ ಊರಿನಲ್ಲಿಯೇ ಅಂಗಡಿ ತೆರೆದಾಗ ಹಳೆಯ ಅಂಗಡಿ ಹೊಸ ಸರಕನ್ನು ಹುಡುಕಬೇಕಾಗುತ್ತದೆ. 1963ರಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇವು ಬೆಳಗಾವಿ ಕಂಡುಕೊಂಡ ಹೊಸ ಸರಕುಗಳು.

ಸಣ್ಣ ಊರುಗಳು ಕರೆಯುವುದೇಕೆ?

ಈಗ ಪ್ರವಾಹ ತಿರುಗಿದೆ. ಕರೆಯುವ ಊರುಗಳು ಸಾಗರದಾಚೆ ಇವೆ. ಅವುಗಳ ಕರೆಯ ಹಿಂದಿನ ಲೆಕ್ಕವನ್ನು ಪಾಲಕರು ತಿಳಿದಿರುವುದು ಒಳಿತು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರದ ಗುಡ್ಡಗಾಡಿನಲ್ಲಿ ನ್ಯೂಕಂಬ್ ಎಂಬ ಪುಟ್ಟ ಊರಿದೆ. ಗಣಿ ಮುಚ್ಚಿ, ಜನ ವಲಸೆ ಹೋಗಿ, ಶಿಶುವಿಹಾರದಿಂದ ಹನ್ನೆರಡನೆಯ ತರಗತಿವರೆಗಿನ ಶಾಲೆಯಲ್ಲಿ ಅರವತ್ತಕ್ಕೂ ಕಡಿಮೆ ಮಕ್ಕಳು ಉಳಿದರು. 2007ರಲ್ಲಿ ಆ ಶಾಲೆ ಹೊರದೇಶಗಳ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳತೊಡಗಿತು. ಊರಿನ ಮನೆಗಳವರು ಮಕ್ಕಳಿಗೆ ಆಸರೆ ನೀಡಿದರು. ಶಾಲೆಯ ಸಂಖ್ಯೆ ಕ್ರಮೇಣ ನೂರರ ಸಮೀಪಕ್ಕೆ ಏರಿತು. ಮೇನ್ ರಾಜ್ಯದ ಮಿಲಿನಾಕೆಟ್ ಊರಿನದು ಇನ್ನೊಂದು ಕಥೆ. ಕಾಗದದ ಗಿರಣಿ 2008ರಲ್ಲಿ ಮುಚ್ಚಿದ ಬಳಿಕ ಅಲ್ಲಿಯ ಸರಕಾರಿ ಪ್ರೌಢಶಾಲೆ 2010ರಲ್ಲಿ ಚೀನಾದ ವಿದ್ಯಾರ್ಥಿಗಳಿಂದ ಶುಲ್ಕ ಪಡೆದು ಖರ್ಚು ಸರಿದೂಗಿಸುವ ಯೋಜನೆ ಹಾಕಿತು. ಬಂದವರ ಸಂಖ್ಯೆ ನಿರೀಕ್ಷೆಗಿಂತ ತೀರ ಕಡಿಮೆಯಾಗಿತ್ತು. ಊರಿಗೆ ವಿದ್ಯಾರ್ಥಿ ಬೇಕಾಗಿದ್ದ ಮಾತ್ರಕ್ಕೆ ವಿದ್ಯಾರ್ಥಿಗೆ ಊರು ಬೇಕೆನಿಸುವುದಿಲ್ಲ. ಶಾಲೆಯಲ್ಲಿ ಯಾವ ವಿಷಯಗಳಿವೆ, ಪ್ರಯೋಗಾಲಯ ಹೇಗಿದೆ, ಮುಂದಿನ ಕಾಲೇಜಿಗೆ ಅದು ಎಷ್ಟು ನೆರವಾಗುತ್ತದೆ ಎಂಬುದನ್ನು ದೂರದ ತಂದೆತಾಯಿಗಳೂ ಅಳೆಯುತ್ತಾರೆ.

ಹೋಗುವ ದಾರಿಗಳು

ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ವಿನಿಮಯದ್ದು. ರೋಟರಿ ಯುವ ವಿನಿಮಯವು 1920ರ ದಶಕದಲ್ಲಿ ಯೂರೋಪಿನಲ್ಲಿ ಮೊಳೆತ ಯೋಜನೆ. ದೀರ್ಘಾವಧಿಯ ವಿನಿಮಯದಲ್ಲಿ ವಿದ್ಯಾರ್ಥಿ ಸುಮಾರು ಒಂದು ಶಾಲಾ ವರ್ಷ ಅತಿಥೇಯ ಕುಟುಂಬಗಳಲ್ಲಿದ್ದು ಸ್ಥಳೀಯ ಶಾಲೆಗೆ ಹೋಗುತ್ತಾನೆ. ಊಟ, ವಸತಿಗೆ ಹಣವಿಲ್ಲ. ವಿಮಾನ ಪ್ರಯಾಣ, ವಿಮೆ, ವೀಸಾ ಇತ್ಯಾದಿ ಖರ್ಚು ಪಾಲಕರದು. ರೋಟರಿ ಸದಸ್ಯರ ಮಕ್ಕಳೇ ಆಗಿರಬೇಕೆಂಬ ನಿಯಮವಿಲ್ಲ. ಬೆಳಗಾವಿ ಈ ಸಂಸ್ಥೆಯ 3170ನೆಯ ಜಿಲ್ಲೆಗೆ ಸೇರಿದೆ. ಎ.ಎಫ್.ಎಸ್. ಎಂಬ ಸಂಸ್ಥೆಯ ಮೂಲ ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತ ಸ್ವಯಂಸೇವಕ ಚಾಲಕರಲ್ಲಿದೆ. 1947ರಿಂದ ಅದು ಶಾಲಾ ವಿದ್ಯಾರ್ಥಿಗಳ ವಿನಿಮಯಕ್ಕೆ ತಿರುಗಿತು. ಅಮೆರಿಕ ಸರಕಾರ 2002ರಲ್ಲಿ ರೂಪಿಸಿದ ಕೆನಡಿ–ಲೂಗರ್ ಯೋಜನೆಯಡಿ ಪೂರ್ಣ ವಿದ್ಯಾರ್ಥಿವೇತನದೊಂದಿಗೆ ಭಾರತದ ಮಕ್ಕಳೂ ಹೋಗಿಬಂದಿದ್ದಾರೆ.

ಅಮೆರಿಕದ ವಿನಿಮಯ ವೀಸಾವಾದ ಜೆ-1ಕ್ಕೆ ಕೆಲವು ಕಟ್ಟುಪಾಡುಗಳಿವೆ. ವಿದ್ಯಾರ್ಥಿಯ ವಯಸ್ಸು 15ರಿಂದ ಹದಿನೆಂಟೂವರೆಯ ಒಳಗಿರಬೇಕು. ಶಿಶುವಿಹಾರ ಬಿಟ್ಟು 11 ವರ್ಷಕ್ಕಿಂತ ಹೆಚ್ಚು ಶಾಲಾ ವ್ಯಾಸಂಗ ಮುಗಿಸಿರಬಾರದು. ಕರ್ನಾಟಕದ ಲೆಕ್ಕದಲ್ಲಿ ಹೇಳುವುದಾದರೆ, ಎಸ್.ಎಸ್.ಎಲ್.ಸಿ. ಅಥವಾ ಪ್ರಥಮ ಪಿ.ಯು.ಸಿ. ಮುಗಿಸಿದವರಿಗೆ ಬಾಗಿಲು ತೆರೆದಿದೆ, ದ್ವಿತೀಯ ಪಿ.ಯು.ಸಿ. ಮುಗಿಸಿದವರಿಗೆ ಮುಚ್ಚಿದೆ. ಅತಿಥೇಯ ಕುಟುಂಬಕ್ಕೆ ಹಣ ನೀಡುವಂತಿಲ್ಲ. ಸ್ಥಳೀಯ ಸಂಯೋಜಕರು ವಿದ್ಯಾರ್ಥಿಯ ವಾಸದಿಂದ 120 ಮೈಲುಗಳೊಳಗೆ ಇದ್ದು ಪ್ರತಿ ತಿಂಗಳೂ ಸಂಪರ್ಕಿಸಬೇಕು.

ಎರಡನೆಯದು ಶುಲ್ಕ ಕಟ್ಟಿ ಕಲಿಯುವ ದಾರಿ. ಅಮೆರಿಕದ ಎಫ್-1 ವೀಸಾದಲ್ಲಿ ಸರಕಾರಿ ಪ್ರೌಢಶಾಲೆಗೆ ಹೋಗುವವರು ಒಟ್ಟು 12 ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ಓದುವಂತಿಲ್ಲ. ಮತ್ತು ತಲಾ ಒಬ್ಬ ವಿದ್ಯಾರ್ಥಿಗೆ ತಗಲುವ ಪೂರ್ಣ ವೆಚ್ಚವನ್ನು ಯಾವ ರಿಯಾಯಿತಿಯೂ ಇಲ್ಲದೆ ಭರಿಸಬೇಕು. 1996ರ ಕಾನೂನಿನಿಂದ ಬಂದ ಈ ಮಿತಿ ಖಾಸಗಿ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಸರಕಾರಿ ಶಾಲೆಯಲ್ಲಿ ಸೇರಿಸಿ, ಪದವಿವರೆಗೂ ಅಲ್ಲಿಯೇ ಓದಿಸುತ್ತೇವೆ ಎಂಬ ಮಾತನ್ನು ದಲಾಲರಿಂದ ಕೇಳಿದ ಪಾಲಕರು ಈ ನಿಯಮವನ್ನು ಎದುರಿಗಿಟ್ಟು ಪ್ರಶ್ನಿಸಬೇಕು. ಕೆನಡಾದ ಅನೇಕ ಶಾಲಾ ಜಿಲ್ಲೆಗಳು ವಿದೇಶಿ ವಿದ್ಯಾರ್ಥಿಗಳನ್ನು ಶುಲ್ಕ ಪಡೆದು ಸೇರಿಸಿಕೊಳ್ಳುತ್ತವೆ. ತಂದೆತಾಯಿ ಜೊತೆಗಿಲ್ಲದ, 17 ವರ್ಷ ತುಂಬದ ಮಗುವಿಗೆ ಅಲ್ಲಿ ನೆಲೆಸಿದ ಪಾಲನಾ ಹೊಣೆಗಾರರೊಬ್ಬರು ಇರಲೇಬೇಕು. ನ್ಯೂಜಿಲೆಂಡಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಯೋಗಕ್ಷೇಮಕ್ಕೆ 2021ರ ಸಂಹಿತೆಯೊಂದಿದೆ. ಮಗು ಉಳಿಯುವ ಮನೆಯನ್ನು ಪರಿಶೀಲಿಸುವ ಹೊಣೆ ಶಾಲೆಯದು.

ಹಣದ ಲೆಕ್ಕ, ವರ್ಷದ ಲೆಕ್ಕ

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ 2004ರಲ್ಲಿ 25,000 ಡಾಲರುಗಳ ಮಿತಿಯೊಂದಿಗೆ ಆರಂಭವಾಯಿತು. 2015ರಲ್ಲಿ ಆ ಮಿತಿಯನ್ನು ಒಬ್ಬ ವ್ಯಕ್ತಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರುಗಳಿಗೆ ಏರಿಸಲಾಯಿತು. ಅಪ್ರಾಪ್ತ ವಯಸ್ಕರಿಗೂ ಈ ಸೌಲಭ್ಯವಿದ್ದು, ಅವರ ಪರವಾಗಿ ಪೋಷಕರು ಸಹಿ ಮಾಡಬೇಕು. 2025ರ ಏಪ್ರಿಲ್ 1ರಿಂದ, ವರ್ಷವೊಂದರಲ್ಲಿ 10 ಲಕ್ಷ ರೂಪಾಯಿ ಮೀರಿದ ರವಾನೆಗೆ ಮಾತ್ರ ಮೂಲದಲ್ಲಿಯೇ ತೆರಿಗೆ ಸಂಗ್ರಹವಾಗುವ ವ್ಯವಸ್ಥೆ ಬಂದಿದೆ. ನಿಗದಿತ ಹಣಕಾಸು ಸಂಸ್ಥೆಯಿಂದ ಪಡೆದ ಶಿಕ್ಷಣ ಸಾಲದ ಹಣಕ್ಕೆ ಅದರಿಂದ ವಿನಾಯಿತಿ ದೊರೆಯಿತು. ಸಂಗ್ರಹವಾದ ತೆರಿಗೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ದರಗಳು ಮುಂಗಡಪತ್ರದೊಂದಿಗೆ ಬದಲಾಗುವುದರಿಂದ ಹಣ ಕಳುಹಿಸುವ ಮುನ್ನ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಜಾಣತನ.

ಹಣಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ವರ್ಷದ ಲೆಕ್ಕವನ್ನು. ಅಮೆರಿಕದ ಶಾಲಾ ವರ್ಷ ಆಗಸ್ಟ್–ಸೆಪ್ಟೆಂಬರಿನಲ್ಲಿ ಆರಂಭವಾಗಿ ಮುಂದಿನ ಮೇ–ಜೂನಿನಲ್ಲಿ ಮುಗಿಯುತ್ತದೆ. ಎಸ್.ಎಸ್.ಎಲ್.ಸಿ. ಮುಗಿಸಿ ಹೋದವನು ಮರಳುವ ಹೊತ್ತಿಗೆ ಓರಗೆಯವರು ದ್ವಿತೀಯ ಪಿ.ಯು.ಸಿ.ಗೆ ಕಾಲಿಟ್ಟಿರುತ್ತಾರೆ. ವಿನಿಮಯದ ವರ್ಷವನ್ನು ಪ್ರಥಮ ಪಿ.ಯು.ಸಿ.ಗೆ ಬದಲಿಯಾಗಿ ಎಣಿಸಬಹುದೆಂದು ಭಾವಿಸದೆ, ಒಂದು ವರ್ಷ ಹಿಂದೆ ಬೀಳುವುದಕ್ಕೆ ಸಿದ್ಧರಾಗಿಯೇ ಹೊರಡಬೇಕು. ವೈದ್ಯಕೀಯ, ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳತ್ತ ಕಣ್ಣಿಟ್ಟವರಿಗೆ ಇದು ಭಾರವಾದೀತು. ಅಲ್ಲಿಯೇ ಹನ್ನೆರಡನೆಯ ತರಗತಿ ಮುಗಿಸಿ ಭಾರತದಲ್ಲಿ ಪದವಿಗೆ ಸೇರಬಯಸುವವರು ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಸಮಾನತೆಯ ಪ್ರಮಾಣಪತ್ರದ ಅಗತ್ಯವನ್ನು ಮೊದಲೇ ವಿಚಾರಿಸಿಕೊಳ್ಳಬೇಕು; ವಿಜ್ಞಾನದ ಪದವಿ ಬೇಕಾದವರು ಅದಕ್ಕೆ ಬೇಕಾದ ವಿಷಯಗಳನ್ನೇ ಅಲ್ಲಿಯೂ ಆಯ್ದುಕೊಳ್ಳಬೇಕು.

ಹಾಗಾದರೆ ಲಾಭವೇನು? ಮನೆಯ ಅಂಗಡಿ, ಕಾರ್ಖಾನೆಯನ್ನು ಮುಂದುವರಿಸಬೇಕಾದ ಮಗ ಅಥವಾ ಮಗಳು, ಯಾರ ಪರಿಚಯವೂ ಇಲ್ಲದ ಊರಿನಲ್ಲಿ, ತನ್ನ ಮಾತನ್ನು ತಾನೇ ಆಡಿ, ತನ್ನ ಬಟ್ಟೆಯನ್ನು ತಾನೇ ಒಗೆದು, ಪರರ ಅಡುಗೆಯನ್ನು ಒಪ್ಪಿಕೊಂಡು ಒಂದು ವರ್ಷ ಬಾಳಿದರೆ ದೊರೆಯುವ ಎದೆಗಾರಿಕೆ ಯಾವ ಪಠ್ಯದಿಂದಲೂ ದೊರೆಯುವುದಿಲ್ಲ. ಮಹಾನಗರದಲ್ಲಿ ನಮ್ಮವರ ಗುಂಪಿನಲ್ಲಿ ಮರೆಯಾಗಬಹುದು. ಸಣ್ಣ ಊರಿನಲ್ಲಿ ಅದಕ್ಕೆ ಎಡೆಯಿಲ್ಲ. ಅಲ್ಲಿ ಬೀದಿಯವರೆಲ್ಲ ಮಗುವನ್ನು ಗುರುತಿಸುತ್ತಾರೆ. ಒಂಟಿತನವೂ ಅಷ್ಟೇ ಬೇಗ ಕಣ್ಣಿಗೆ ಬೀಳುತ್ತದೆ. ಸಸ್ಯಾಹಾರದ ಮನೆಯ ಮಗುವಿಗೆ ಊಟದ ಸಂಗತಿ ಮೊದಲೇ ಇತ್ಯರ್ಥವಾಗಬೇಕು. ಹೋಗಲು ಮಗುವಿಗೆ ಮನಸ್ಸಿದೆಯೇ ಎಂಬುದು ಎಲ್ಲಕ್ಕೂ ಮೊದಲಿನ ಪ್ರಶ್ನೆ. ಹಿರಿಯರ ಹಂಬಲಕ್ಕಾಗಿ ಹೊರಟ ಮಗುವಿಗೆ ಆ ವರ್ಷ ಸೆರೆವಾಸವಾದೀತು.

ಬೆಳಗಾವಿಯ ಮುಂದಿರುವ ಕೆಲಸ

ಕಳುಹಿಸುವ ಊರು ಬರಮಾಡಿಕೊಳ್ಳುವ ಊರೂ ಆಗಬೇಕು. ವಿನಿಮಯ ಎಂಬ ಮಾತಿನ ಅರ್ಥವೇ ಅದು. ಈ ಕಲೆ ಬೆಳಗಾವಿಗೆ ಅಪರಿಚಿತವಲ್ಲ. 2010ರಲ್ಲಿ ಮಲೇಶಿಯಾದ ಯೂನಿವರ್ಸಿಟಿ ಸೈನ್ಸ್ ಮಲೇಶಿಯಾ ಹಾಗೂ ಕೆ.ಎಲ್.ಇ. ಸಂಸ್ಥೆಯ ಸಹಯೋಗದಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಕಾರ್ಯಕ್ರಮ ಇದೇ ಊರಿನಲ್ಲಿ ಆರಂಭವಾಯಿತು. ಮಲೇಶಿಯಾದ ವಿಶ್ವವಿದ್ಯಾಲಯದ ಪದವಿಗೆ ಬೆಳಗಾವಿಯಲ್ಲಿ ಪಾಠ ನಡೆಯಿತು. ಅಂತಹ ವಿದ್ಯಾರ್ಥಿಗಳು ವಯಸ್ಕರು. ಪ್ರೌಢಶಾಲೆಯ ವಯಸ್ಸಿನ ಅತಿಥಿಗೆ ಹಾಸ್ಟೆಲಿನ ಕೋಣೆ ಸಾಲದು, ಮನೆ ಬೇಕು. ವಿದೇಶಿ ಅತಿಥಿ ಉಳಿದುಕೊಂಡ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ಮಾಹಿತಿ ನೀಡುವುದು ಮನೆಯವರ ಹೊಣೆ. 180 ದಿನ ಮೀರಿದ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ 14 ದಿನಗಳೊಳಗೆ ನೋಂದಣಿ ಮಾಡಿಸಬೇಕು. ಈ ಕಾಗದಪತ್ರಗಳ ಭಯದಿಂದ ಹಿಂಜರಿಯುವ ಕುಟುಂಬಗಳಿಗೆ ವ್ಯಾಪಾರಸ್ಥರ ಸಂಘಗಳು, ಶಾಲೆಗಳು ಒಂದಾಗಿ ನೆರವಾಗಬಹುದು.

ಖಾನಾಪುರದಂಥ ಊರಿಗೂ ಇದರಲ್ಲಿ ಪಾಲಿದೆ. ಹೆಂಚು, ಮಣ್ಣಿನ ಕುಶಲ ಕೆಲಸಕ್ಕೆ ಹೆಸರಾದ, ಕಾಡನ್ನು ಸೆರಗಿನಲ್ಲಿ ಕಟ್ಟಿಕೊಂಡ, ಕನ್ನಡ, ಮರಾಠಿ, ಕೊಂಕಣಿಗಳನ್ನು ಒಂದೇ ಸಂತೆಯಲ್ಲಿ ಕೇಳಿಸುವ ತಾಲೂಕು ಅದು. ಹೊರಗಿನ ಮಗುವಿಗೆ ಅಲ್ಲಿ ಕಲಿಯಲು ಬೇಕಾದಷ್ಟಿದೆ. ಅಲ್ಲಿಂದ ಹೊರಡುವ ಮಗುವಿಗೆ ಹೇಳಿಕೊಳ್ಳಲೂ ಬೇಕಾದಷ್ಟಿದೆ.

ಲೋಂಡಾ ಜಂಕ್ಷನ್ನಿನಲ್ಲಿ ಈಗ ರೈಲು ಬದಲಿಸುವವರಿಗೆ ಮುಂದೆ ಒಂದು ಗಡಿ ಇತ್ತೆಂಬ ನೆನಪೂ ಉಳಿದಿಲ್ಲ. ಕ್ಯಾಸಲ್‌ರಾಕ್‌ನಲ್ಲಿ ಟ್ರಂಕು ಬಿಚ್ಚಿ ತೋರಿಸಬೇಕಾಗಿಲ್ಲ. ಆದರೆ ಅಂದು ಗೋವಾದ ತಂದೆಯೊಬ್ಬ ಬೆಳಗಾವಿಯ ಶಾಲೆಯ ಬಾಗಿಲಲ್ಲಿ ಮಗನನ್ನು ಬಿಟ್ಟು ಹಿಂದಿರುಗುವಾಗ ಮನಸ್ಸಿನಲ್ಲಿದ್ದ ಪ್ರಶ್ನೆ ಇಂದು ವಿಮಾನ ನಿಲ್ದಾಣದಿಂದ ಮರಳುವ ಖಾನಾಪುರದ ತಂದೆಯ ಮನಸ್ಸಿನಲ್ಲಿಯೂ ಇರುತ್ತದೆ: ಆ ಊರಿನವರು ತನ್ನ ಮಗುವನ್ನು ಚೆನ್ನಾಗಿ ನೋಡಿಕೊಂಡಾರೆಯೇ? ತಲೆಮಾರುಗಳ ಕಾಲ ಗೋವಾದ ಕುಟುಂಬಗಳು ಬೆಳಗಾವಿಯನ್ನು ನಂಬಿ ಮಕ್ಕಳನ್ನು ಕಳುಹಿಸಿದ್ದು ಈ ಊರಿನ ಹಳೆಯ ಪುಣ್ಯ. ಬೆಳಗಾವಿಯ ಮನೆಗಳು ಪರರ ಮಕ್ಕಳಿಗೆ ಮತ್ತೆ ಬಾಗಿಲು ತೆರೆದರೆ ಆ ನಂಬಿಕೆಯ ಪರಂಪರೆ ಮುಂದುವರಿದೀತು.